ಗುಂಡಿಯ ಮೇಲೆ ನಿಂತ ಮೆಷಿನ್ನು

ಈಚೆಗೆ ನನ್ನ ತಮ್ಮ ಶಿವು ಸೇಲಂನಿಂದ ಫೋನು ಮಾಡಿ, ಅಪ್ಪನ ಸಿನಿಮಾ ಮೆಷಿನ್ನಿಗೆ ಗಿರಾಕಿ ಬಂದಿದ್ದಾನೆ ಎಂದಾಗ ನನಗೆ ಮೊದಲು ಬಂದದ್ದು ನಗು. ಆಮೇಲೆ ಸಿಟ್ಟು. ನಾನು ಹುಟ್ಟಿ ಬೆಳೆದ ಮನೆಯ ಮುಂದಿನ ಕೋಣೆಯಲ್ಲಿ ಅದು ನಿಂತು ನನ್ನ ಅರ್ಧ ಆಯಸ್ಸಿಗಿಂತ ಹೆಚ್ಚಾಗಿದೆ. ಮೇಲೊಂದು ಕೆಳಗೊಂದು ಫಿಲ್ಮಿನ ದೊಡ್ಡ ಡಬ್ಬಿ, ಹಿಂದೆ ದೀಪದ ಗೂಡು, ಗೂಡಿನ ನೆತ್ತಿಗೆ ಹೊಗೆ ಹೋಗಲು ತಗಡಿನ ಕೊಳವೆ, ಇಷ್ಟನ್ನೂ ಹೊತ್ತುಕೊಂಡು ಸಿಮೆಂಟಿನಲ್ಲಿ ಹೂತುಕೊಂಡ ಕಬ್ಬಿಣದ ದಪ್ಪ ಕಾಲು. ಒಂದು ಕಾಲದಲ್ಲಿ ಊರೂರಿಗೆ ಡೇರೆ ಹೊತ್ತು ಹೋಗುತ್ತಿದ್ದ ಟೂರಿಂಗ್ ಟಾಕೀಸಿನ ಪ್ರೊಜೆಕ್ಟರು ಅದು. ಸಿನಿಮಾಕ್ಕೆ ತಮಿಳರಂತೆ ಪಡ ಎನ್ನುವ ನಮ್ಮ ಬೀದಿಯವರು ಅದನ್ನು ಪಡ ಮೆಷಿನ್ನು ಎನ್ನುತ್ತಿದ್ದರು. ನಮ್ಮ ಮನೆಗೆ ಬಂದ ಮೇಲೆ ಅದು ತೋರಿಸಿದ ಪಡ ಒಂದೇ, ಅದೂ ಅರ್ಧ. ಆದರೂ ಆಯುಧಪೂಜೆಯ ದಿನ ಮನೆಯ ದೊಡ್ಡ ಹಾರ ಅದಕ್ಕೇ ಬೀಳುತ್ತಿತ್ತು. ಅನ್ನ ಹಾಕುತ್ತಿದ್ದ ಮಗ್ಗಕ್ಕೆ ಉಳಿದ ಬಿಡಿ ಹೂವು.

"ಅಕ್ಕಾ, ಪಾರ್ಟಿ ಸಿಕ್ಕೈತೆ. ಕಡಯಂಪಟ್ಟಿ ತಾವ ಹೈವೇ ಮ್ಯಾಲೆ ಓಟ್ಲು ಕಟ್ತಾವ್ನಂತೆ. ವಿಂಟೇಜ್ ಪೀಸು ಬೇಕಂತೆ."

"ಅದ್ರಾಗೆ ಇಡ್ಲಿ ಬೇಯ್ಸ್ತಾನಾ?"

"ಸುಮ್ಮಾ ಇರಕ್ಕಾ. ಶೋಗೆ ಇಡಾಕೆ. ಆದ್ರೆ ಅವ್ವ ಒಂದೇ ಅಡಂ, ಒಂದೇ ಹಟ ಇಡ್ದವ್ಳೆ. ನೀ ಬಂದು ಒಂದ್ ಮಾತಾಡು. ನನ್ ಮಾತು ಎಲ್ಲಿ ಕೇಳ್ತಾಳೆ?"

ಅಷ್ಟರಲ್ಲಿ ಅವ್ವ ಅವನ ಕೈಯಿಂದ ಫೋನು ಕಿತ್ತುಕೊಂಡಳು. ಎಂಬತ್ತು ದಾಟಿದ ನನ್ನ ಅವ್ವ ಫೋನಿನಲ್ಲಿ ಕುಶಲ ಗಿಶಲ ಕೇಳುವವಳಲ್ಲ.

"ಮಾರ್ಲಿ. ನಾ ಬ್ಯಾಡ ಅನ್ನಾಕಿಲ್ಲ. ಆದ್ರೆ ಬುಡಸಮೇತ ಕಿತ್ಕೊಂಡು ಓಗ್ಲಿ. ಅದ್ರ ಕೆಳಗೆ ಗುಂಡಿ ಐತಲ್ಲ, ಅದು ನಂದು."

ಆ ಗುಂಡಿ ಯಾವುದು ಎನ್ನುವುದನ್ನು ಹೇಳದೆ ನಮ್ಮ ಮನೆಯನ್ನು ಹೇಳಲಾಗುವುದಿಲ್ಲ. ನಮ್ಮದು ಕೈಮಗ್ಗದ ಮನೆ. ಊರಲ್ಲಿ ತಮಿಳು, ನಮ್ಮ ನೇಕಾರರ ಬೀದಿಯೊಳಗೆ ಕನ್ನಡ. ಆ ಕನ್ನಡವನ್ನು ಓದುವುದು ಬರೆಯುವುದು ನಾನು ಕಲಿತದ್ದು ಮದುವೆಯಾಗಿ ಕೊಳ್ಳೇಗಾಲಕ್ಕೆ ಬಂದ ಮೇಲೆ. ಮುಂದಿನ ಕೋಣೆಯೇ ಮನೆಯ ದೊಡ್ಡ ಕೋಣೆ, ಅದರ ತುಂಬ ಎರಡು ಮಗ್ಗ. ನಮ್ಮ ಮಗ್ಗಗಳು ನೆಲದ ಮಟ್ಟಕ್ಕೆ ಇರುತ್ತಿದ್ದವು. ನೇಯುವವರು ಗುಂಡಿಯ ಅಂಚಿನಲ್ಲಿ ಕೂತು ಕಾಲನ್ನು ಗುಂಡಿಯೊಳಗೆ ಇಳಿಬಿಟ್ಟು ಕೆಳಗಿನ ಹಲಗೆ ತುಳಿಯಬೇಕು. ಆ ಗುಂಡಿಯನ್ನು ಕಣ್ಣಳತೆಯಲ್ಲಿ ತೋಡುವುದಿಲ್ಲ. ಮದುವೆಯಾಗಿ ಬಂದ ಹೆಣ್ಣು ದೀಪ ಹಚ್ಚಿದ ಮೇಲೆ ಮಾವನಾದವನು ಒಂದು ಎಳೆ ನೂಲು ತಂದು ಅವಳ ಮೊಣಕಾಲಿನಿಂದ ಹಿಮ್ಮಡಿಯವರೆಗೆ ಅಳತೆ ಹಿಡಿದು, ಆ ನೂಲನ್ನು ಇಟ್ಟುಕೊಂಡೇ ಗುಂಡಿ ತೋಡುತ್ತಿದ್ದ. ಅವ್ವನ ಗುಂಡಿಯನ್ನು ನನ್ನ ತಾತ ಹಾಗೆ ತೋಡಿದ್ದ. ಅಳತೆ ಕೊಟ್ಟವರು ತಾವಾಗಿ ಏಳುವವರೆಗೆ ಆ ಗುಂಡಿಯನ್ನು ಯಾರೂ ಮುಚ್ಚುವಂತಿಲ್ಲ. ಕಣ್ಣು ಮಂಜಾಗಿ, ಸೊಂಟ ಸೋತು, ಇನ್ನು ಸಾಕು ಎಂದಾಗ ನೇಯುವವರು ಗುಂಡಿಯ ಅಂಚಿಗೆ ದೀಪ ಇಟ್ಟು, ಹಲಗೆಗೆ ಕೈಮುಗಿದು ಎದ್ದು ಬರುತ್ತಿದ್ದರು. ಆಮೇಲೆ ಮಣ್ಣು. ಕುಂಕುಮ, ತಾಳಿ ಎಲ್ಲವನ್ನೂ ಗಂಡನ ಮನೆಯವರು ಕೊಟ್ಟರೆಂದು ಹೇಳಿಕೊಳ್ಳುವ ಹೆಂಗಸರ ನಡುವೆ ಅವ್ವ ತನ್ನದು ಎಂದು ಹೇಳಿಕೊಳ್ಳುತ್ತಿದ್ದದ್ದು ಆ ಗುಂಡಿಯೊಂದನ್ನೇ.

ಮನೆಯ ದಿನವೆಲ್ಲ ಆ ಗುಂಡಿಯ ಸುತ್ತಲೇ ನಡೆಯುತ್ತಿತ್ತು. ಬೆಳಿಗ್ಗೆ ರಾಗಿ ಗಂಜಿ ಕಾಯಿಸಿದರೆ ಅರ್ಧ ನಮ್ಮ ಹೊಟ್ಟೆಗೆ, ಅರ್ಧ ನೂಲಿಗೆ ಹಚ್ಚಲು. ಯಾವ ಪಾತ್ರೆ ಯಾವುದಕ್ಕೆ ಎಂದು ತಿಳಿಯದೆ ಶಿವು ಒಮ್ಮೆ ನೂಲಿನ ಗಂಜಿ ಕುಡಿದು ಏನೂ ಆಗದೆ ಆಡಲು ಹೋಗಿದ್ದ. ಅವ್ವ ನೇಯುತ್ತಿದ್ದಾಗ ನಾವು ಅವಳ ಬೆನ್ನಿಗೆ ಬೆನ್ನು ಕೊಟ್ಟು ಕೂತು ಪಾಠ ಓದುತ್ತಿದ್ದೆವು. ಕಾಲಿಗೆ ನೋವಾಗಿ ಅತ್ತರೆ ಅವ್ವ ಕೂತಲ್ಲಿಂದಲೇ ನಮ್ಮ ಕಾಲು ಹಿಡಿದು ತನ್ನ ಪಕ್ಕಕ್ಕೆ ಗುಂಡಿಯೊಳಗೆ ಇಳಿಬಿಡುತ್ತಿದ್ದಳು. ಬೇಸಿಗೆಯಲ್ಲೂ ಅಲ್ಲಿ ತಣ್ಣಗಿರುತ್ತಿತ್ತು. ಅಂಥ ತಂಪು ನನಗೆ ಮತ್ತೆಲ್ಲೂ ಸಿಕ್ಕಿಲ್ಲ.

ಇನ್ನು ಅಪ್ಪ. ಅಪ್ಪ ಕೆಟ್ಟವನಲ್ಲ ಎಂದು ಎಲ್ಲರೂ ಹೇಳುತ್ತಾರೆ. ಕೆಟ್ಟವನಾಗುವುದಕ್ಕೂ ಒಂದಿಷ್ಟು ಶ್ರದ್ಧೆ ಬೇಕು, ಅದು ಅಪ್ಪನಲ್ಲಿ ಇರಲಿಲ್ಲ. ಅವನು ಒಳ್ಳೆಯ ನೇಕಾರ, ಆದರೆ ನೇಯ್ಗೆ ಎಂದರೆ ಅವನಿಗೆ ನಾಚಿಕೆ. ಬೀದಿಯಲ್ಲಿ ಎಲ್ಲರೂ ಬನಿಯನ್ನು ಹಾಕಿಕೊಂಡು ಕೂತಿದ್ದರೆ ಇವನು ಇಸ್ತ್ರಿ ಷರಟು ತೊಟ್ಟು ಮಗ್ಗಕ್ಕೆ ಕೂರುತ್ತಿದ್ದ. ಯಾರಾದರೂ ಮನೆಗೆ ಬಂದರೆ ತಾನು ಸುಮ್ಮನೆ ಕೂತಿದ್ದೇನೆ ಎನ್ನುವಂತೆ ಲಾಳಿಯನ್ನು ಪಕ್ಕಕ್ಕಿಟ್ಟು ರಾಜಕೀಯ ಶುರು ಮಾಡುತ್ತಿದ್ದ. ಅವನನ್ನು ಜನ ಮುದಲಾಳಿ, ಅಂದರೆ ಧಣಿ, ಎಂದು ಕರೆಯಬೇಕಾಗಿತ್ತು. ಯಾವುದಕ್ಕೆ ಮುದಲಾಳಿ ಎನ್ನುವುದು ಅವನಿಗೂ ಗೊತ್ತಿರಲಿಲ್ಲ. ಕಂಬೈನಲ್ಲೂರಿನಲ್ಲಿ ಒಂದು ಟೂರಿಂಗ್ ಟಾಕೀಸು ಮುಚ್ಚುತ್ತಿದೆ, ಸಾಮಾನೆಲ್ಲ ಬಿಡಿಬಿಡಿಯಾಗಿ ಮಾರುತ್ತಿದ್ದಾರೆ ಎಂದು ಯಾರೋ ಟೀ ಅಂಗಡಿಯಲ್ಲಿ ಹೇಳಿದರಂತೆ. ಅಷ್ಟೇ ಸಾಕಾಯಿತು. ತನ್ನ ಮಗ್ಗವನ್ನು ಬಿಚ್ಚಿ ಬೀದಿಯ ಕೊನೆಯ ಮನೆಯವರಿಗೆ ಮಾರಿ ಲಾರಿ ಹತ್ತಿದ. ವಾಪಸ್ಸು ಬಂದಾಗ ಲಾರಿಯ ಹಿಂದೆ ಈ ಮೆಷಿನ್ನು ನಿಂತಿತ್ತು, ಅದನ್ನು ತಬ್ಬಿಕೊಂಡು ಅವನೂ ನಿಂತಿದ್ದ.

"ಏನಪ್ಪಾ ಇದು?" ಎಂದೆ.

"ತಿಯೇಟ್ರು," ಎಂದ. ಮೆಷಿನ್ನು ಎನ್ನಲಿಲ್ಲ. "ನಮ್ ತಿಯೇಟ್ರು."

ತಿಯೇಟ್ರಿಗೆ ಬೇಕಾದ ಡೇರೆ ಇಲ್ಲ, ಬೆಂಚು ಇಲ್ಲ, ಜನರೇಟರು ಇಲ್ಲ, ಆಡಿಸುವವನೂ ಇಲ್ಲ. ಅವೆಲ್ಲ ಬೇರೆ ಬೇರೆ ಜಾಣರ ಪಾಲಾಗಿದ್ದವು. ಅಪ್ಪನಿಗೆ ಸಿಕ್ಕಿದ್ದು ಯಾರಿಗೂ ಬೇಡವಾದದ್ದು, ಜೊತೆಗೆ ತಲೆಯೂ ಇಲ್ಲದ ಬಾಲವೂ ಇಲ್ಲದ ಒಂದು ದೇವರ ಪಡದ ಕೆಲವು ರೀಲು. ಬೀದಿಯ ಗಂಡಸರು ಬಂದು ಮೆಷಿನ್ನನ್ನು ಸುತ್ತಿ ಸುತ್ತಿ ನೋಡಿ, ಮುಟ್ಟಿ, ತಟ್ಟಿ, ಆಹಾ ಎಂದು ಹೋದರು. ಮಗ್ಗ ಮಾರಿದ್ದು ತಪ್ಪು ಎಂದು ಒಬ್ಬನೂ ಹೇಳಲಿಲ್ಲ. ಅವರೊಳಗೂ ಒಬ್ಬೊಬ್ಬ ಮುದಲಾಳಿ ಕೂತಿದ್ದನಲ್ಲ.

ಮೊದಲು ಪರದೆ ಬೇಕೆಂದ. ಅವ್ವ ತನ್ನ ಮಗ್ಗದಲ್ಲಿ ಬಿಳಿ ನೂಲಿನ ಹಾಸು ಹಾಕಿ ನೇಯ್ದು ಕೊಟ್ಟಳು. ಮಗ್ಗದ ಅಗಲ ಎಷ್ಟೋ ಬಟ್ಟೆಯ ಅಗಲ ಅಷ್ಟೇ ತಾನೆ. ಹಾಗಾಗಿ ಮೂರು ಪಟ್ಟಿ ನೇಯ್ದು ಅವನ್ನು ಪಕ್ಕಪಕ್ಕಕ್ಕೆ ಹೊಲಿದಳು. ಹೊಲಿಗೆ ಕಾಣುತ್ತದೆ ಎಂದು ಅಪ್ಪ ಮುಖ ಗಂಟಿಕ್ಕಿದ. ಅದು ಮುಗಿದ ವಾರವೇ ಅವ್ವ ತನ್ನ ತಂಗಿಯ ಬಾಣಂತನಕ್ಕೆಂದು ಮಾರಂಡಹಳ್ಳಿಗೆ ಹೋದಳು. ಅವಳು ಬಸ್ಸು ಹತ್ತಿದ್ದೇ ತಡ, ಅಪ್ಪ ಗಾರೆಯವನನ್ನು ಕರೆತಂದ. ಮೆಷಿನ್ನು ಅಲುಗಾಡಬಾರದು, ಅದರ ಕಾಲು ನೆಲದೊಳಗೆ ಆಳಕ್ಕೆ ಕೂರಬೇಕು, ಬೆಳಕು ಬಾಗಿಲಿನಿಂದ ನೇರವಾಗಿ ಎದುರು ಮನೆಯ ಗೋಡೆಗೆ ಬೀಳಬೇಕು ಎಂದು ಲೆಕ್ಕ ಹಾಕಿದ. ಬಾಗಿಲಿಗೆ ನೇರವಾಗಿ ಇದ್ದದ್ದು ಅವ್ವನ ಗುಂಡಿ. ಅಪ್ಪನ ಗುಂಡಿ ಗೋಡೆಯ ಬದಿಗಿತ್ತು. ನಾನು ಅಲ್ಲೇ ನಿಂತಿದ್ದೆ. ಅಪ್ಪನ ಮಾತು ನನಗೆ ಈಗಲೂ ಕೇಳುತ್ತದೆ.

"ಗುಂಡಿ ರೆಡಿಯಾಗೇ ಐತೆ. ತೋಡೋ ಕೂಲಿ ಮಿಚ್ಚಂ, ಉಳೀತು."

ಅವ್ವನ ಮಗ್ಗವನ್ನು ಎತ್ತಿ ತನ್ನ ಗುಂಡಿಯ ಮೇಲೆ ಕೂರಿಸಿದ. ತುಳಿಯುವ ಹಲಗೆಯನ್ನು ಬಿಚ್ಚುವ ತಾಳ್ಮೆಯೂ ಇಲ್ಲದೆ ಹಾಗೇ ಒಳಗೆ ಬಿಟ್ಟು, ಇಟ್ಟಿಗೆ ಚೂರು, ಮರಳು, ಮೇಲೆ ಸಿಮೆಂಟು ಸುರಿಸಿದ. ಅವ್ವ ಹಿಂದಿರುಗಿ ಬಂದಾಗ ಸಿಮೆಂಟು ಇನ್ನೂ ಪೂರ್ತಿ ಒಣಗಿರಲಿಲ್ಲ. ಕೈಯ ಗಂಟನ್ನು ಕೆಳಗಿಡದೆ ಬಾಗಿಲಲ್ಲೇ ನಿಂತು ನೋಡಿದಳು. ಅತ್ತು ಕೂಗಾಡಿದ್ದರೆ ಅಪ್ಪನಿಗೆ ಸುಲಭವಾಗುತ್ತಿತ್ತು. ಹೆಂಗಸರ ಅಳುವಿಗೆ ಏನು ಹೇಳಬೇಕೆಂದು ಅವನಿಗೆ ಗೊತ್ತಿತ್ತು.

"ನಾ ಎದ್ದಿದ್ನಾ?" ಎಂದು ಕೇಳಿದಳು.

"ಏನು?"

"ನಾ ಎದ್ದೆ ಅಂತ ನಿಂಗೆ ಯಾರು ಯೋಳಿದ್ರು?"

"ಏ, ಅದ್ಕೇನೀಗ? ನನ್ ಗುಂಡಿ ಐತಲ್ಲ, ಅದ್ರಾಗೆ ಕೂತ್ಕೊ. ಎಲ್ಲಾ ಗುಂಡೀನೂ ಒಂದೇ ತಾನೆ."

ಎಲ್ಲಾ ಗುಂಡಿಯೂ ಒಂದೇ ಎಂದವನು ನೇಕಾರನ ಮಗ. ಅಪ್ಪ ಉದ್ದ ಕಾಲಿನವನು, ಅವ್ವ ಗಿಡ್ಡಿ. ಅವನ ಗುಂಡಿಯಲ್ಲಿ ಕೂತರೆ ಅವಳ ಕಾಲು ಹಲಗೆಗೆ ಎಟುಕುತ್ತಿರಲಿಲ್ಲ. ಹಲಗೆಗೆ ಮರದ ತುಂಡು ಕಟ್ಟಿಕೊಂಡಳು, ತುಂಡು ಜಾರುತ್ತಿತ್ತು. ಅಂಚಿನಿಂದ ಮುಂದಕ್ಕೆ ಸರಿದು ಅರ್ಧ ಕೂತು ಅರ್ಧ ನೇತಾಡುತ್ತ ತುದಿಬೆರಳಲ್ಲಿ ತುಳಿದಳು. ಸರಿಮಾಡಿಕೊಡುತ್ತೇನೆ ಎಂದು ಅಪ್ಪ ನಾಳೆ ನಾಳೆ ಎನ್ನುತ್ತಲೇ ಹೋದ. ಹಾಗೆ ನೇಯ್ದೇ ಅವ್ವ ನಮ್ಮನ್ನು ಸಾಕಿದಳು. ಇವತ್ತು ಅವಳು ಒಂದು ಕಡೆಗೆ ವಾಲಿಕೊಂಡು ನಡೆಯುವುದನ್ನು ಕಂಡು ವಯಸ್ಸಾಯಿತಲ್ಲ ಎನ್ನುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ.

ಮೆಷಿನ್ನು ನೆಟ್ಟಿದ್ದಾಯಿತು, ಇನ್ನು ಅದಕ್ಕೆ ಕರೆಂಟು. ಆ ಮೆಷಿನ್ನಿಗೆ ಬಲ್ಬು ಇಲ್ಲ. ಗೂಡಿನೊಳಗೆ ಎರಡು ಕಾರ್ಬನ್ ಕಡ್ಡಿಯನ್ನು ತುದಿಗೆ ತುದಿ ತಾಗಿಸಿ ಸ್ವಲ್ಪ ದೂರ ಸರಿಸಿದರೆ ನಡುವೆ ಕಣ್ಣು ಕುಕ್ಕುವ ಬೆಂಕಿ ಹೊತ್ತಿಕೊಳ್ಳುತ್ತದೆ. ಅದಕ್ಕೆ ಬೇಕಾದದ್ದು ಮನೆಗೆ ಬರುವ ಕರೆಂಟಲ್ಲ; ಅದನ್ನು ಪಳಗಿಸಿ ಕೊಡುವ ಬೇರೊಂದು ಪೆಟ್ಟಿಗೆ ಬೇಕು. ಪೆಟ್ಟಿಗೆಯನ್ನು ಟಾಕೀಸಿನವನು ಬೇರೆಯವರಿಗೆ ಮಾರಿದ್ದ, ಪೆಟ್ಟಿಗೆಯೊಂದು ಇರುತ್ತದೆ ಎನ್ನುವುದನ್ನೇ ಅಪ್ಪ ಕೇಳಿರಲಿಲ್ಲ. ಮನೆಯ ವೈರನ್ನೇ ತಂದು ಕಡ್ಡಿಗೆ ಸಿಕ್ಕಿಸಿದ. ನಮ್ಮನ್ನೆಲ್ಲ ಗೋಡೆಗೆ ಒತ್ತಿ ನಿಲ್ಲಿಸಿ, "ನೋಡ್ತಾ ಇರಿ" ಎಂದು ಕಡ್ಡಿ ತಾಗಿಸಿದ. ಬೀದಿಯ ಕಂಬದಲ್ಲಿ ಡಬ್ ಎಂದು ಸದ್ದಾಗಿ ನಮ್ಮ ಬೀದಿ, ಪಕ್ಕದ ಬೀದಿ ಎರಡೂ ಕತ್ತಲಾದವು. ಸಂಜೆಯ ಹೊತ್ತು, ಎಲ್ಲರೂ ದೀಪದಡಿ ಮಗ್ಗದಲ್ಲಿದ್ದರು. ಒಂದೊಂದೇ ಮನೆಯಲ್ಲಿ ಲಾಳಿಯ ಸದ್ದು ನಿಂತು, ಬೈಗುಳ ಶುರುವಾಯಿತು.

"ಏನ್ಲಾ ಮಾಡ್ದೆ? ಎಳೆ ಕಾಣಾಕಿಲ್ಲ, ಏನೂ ಕಾಣಾಕಿಲ್ಲ! ನಿನ್ ತಿಯೇಟ್ರಿಗೆ ಬೆಂಕಿ ಬೀಳಾ!"

ಅಪ್ಪ ಬಾಗಿಲಲ್ಲಿ ನಿಂತು ಷರಟಿನ ಕಾಲರು ಸರಿಮಾಡಿಕೊಂಡ.

"ಮೆಷಿನ್ ಪವರು ಅಂಗೈತೆ. ಈ ಊರ ಕರೆಂಟು ತಾಂಗಾಕಿಲ್ಲ."

ಊರ ಕರೆಂಟೇ ತನಗೆ ಸಾಲದು ಎಂದು ಅವನು ತಿಂಗಳುಗಟ್ಟಲೆ ಕೊಚ್ಚಿಕೊಂಡ. ಕೊನೆಗೆ ಮದುವೆ ಮನೆಗಳಿಗೆ ಲೈಟು ಹಾಕುವವನೊಬ್ಬನನ್ನು ಕಾಡಿ ಬೇಡಿ, ಅವನ ಜನರೇಟರನ್ನೂ, ಅವನ ಮೂಲಕ ಆ ಪೆಟ್ಟಿಗೆಯನ್ನೂ, ಬಾಯಗಲದ ಒಂದು ಸ್ಪೀಕರನ್ನೂ ಒಂದು ದಿನಕ್ಕೆ ತಂದ. ಅಮಾವಾಸ್ಯೆ ನೇಕಾರರಿಗೆ ರಜೆ, ಯಾವ ಮಗ್ಗವೂ ಆಡುವುದಿಲ್ಲ. ಆ ದಿನವನ್ನೇ ಗೊತ್ತುಮಾಡಿದ. ಎದುರು ಗೋಡೆಗೆ ಅವ್ವನ ಪರದೆ ಕಟ್ಟಿದರು. ಬೀದಿಯ ತುಂಬ ಚಾಪೆ ಹಾಕಿ ಜನ ಕೂತರು. ಅಪ್ಪ ಹೆಗಲ ಮೇಲೆ ಜರಿ ಟವೆಲ್ಲು ಹಾಕಿಕೊಂಡು ಮೆಷಿನ್ನಿಗೆ ಕರ್ಪೂರ ಬೆಳಗಿದ. ಜನರೇಟರು ಗುಡುಗಿತು, ಗೂಡಿನಲ್ಲಿ ಬಿಳಿ ಬೆಂಕಿ ಹೊತ್ತಿತು, ಪರದೆಯ ಮೇಲೆ ದೇವರು ಬಂದ. ಒಂದು ಹೊಲಿಗೆ ಅವನ ಎಡಗಣ್ಣಿನ ಮೇಲೆ, ಇನ್ನೊಂದು ಪಕ್ಕದಲ್ಲಿದ್ದ ದೇವಿಯ ಮೂಗಿನ ಮೇಲೆ. ಆದರೂ ಅದು ಚೆನ್ನಾಗಿತ್ತು ಎಂದು ಒಪ್ಪಿಕೊಳ್ಳುತ್ತೇನೆ. ಬೀದಿಯ ಅಜ್ಜಿಯರು ಕೈಮುಗಿದರು. ಅಪ್ಪ ಪಡವನ್ನು ನೋಡಲೇ ಇಲ್ಲ. ನೋಡುತ್ತಿದ್ದವರ ಮುಖವನ್ನೇ ನೋಡುತ್ತಿದ್ದ.

ಆಗ ಫಿಲ್ಮು ತುಂಡಾಯಿತು. ಹಳೆಯ ಫಿಲ್ಮು ತುಂಡಾಗದೆ ಇರುತ್ತದೆಯೇ? ಅದನ್ನು ಅಂಟಿಸಲು ಬೇರೆಯದೇ ಅಂಟು ಇದೆ ಎಂದು ಲೈಟಿನವನು ಹೇಳುತ್ತಲೇ ಇದ್ದ. ಅಪ್ಪ ನಕ್ಕ. ಮಗ್ಗದಲ್ಲಿ ಹಳೆಯ ಹಾಸು ಮುಗಿದಾಗ ಅದರ ತುದಿಗೆ ಹೊಸ ಹಾಸಿನ ಎಳೆಯನ್ನು ಬೂದಿ ಹಚ್ಚಿದ ಬೆರಳಲ್ಲಿ ಹೊಸೆದು ಸೇರಿಸುವುದಕ್ಕೆ ಕೆಚ್ಚುವುದು ಎನ್ನುತ್ತಾರೆ. ಸಾವಿರಾರು ಎಳೆಯನ್ನು ಹಾಗೆ ಕೆಚ್ಚಿದ ಕೈ ಅದು.

"ಕೆಚ್ಚೋದು ನಮ್ ಕುಲಕಸುಬು ಕಣಪ್ಪಾ. ನಂಗೆ ಇವ್ನು ಕಲಿಸ್ಕೊಡ್ತಾನಂತೆ!"

ಹೀಗೆಂದು ಬೀದಿಗೆಲ್ಲ ಕೇಳುವಂತೆ ಕೂಗಿ, ಒಲೆಯಿಂದ ಬೂದಿ ತರಿಸಿ ಎರಡೂ ತುದಿಗೆ ತಿಕ್ಕಿದ. ಹೊಸೆಯಲು ಅದು ನೂಲಲ್ಲ, ಹೊಸೆತ ನಿಲ್ಲಲಿಲ್ಲ. ಆಗ ನೂಲಿಗೆ ಹಚ್ಚುವ ಗಂಜಿಯ ಪಾತ್ರೆ ತರಿಸಿ, ದಪ್ಪಗೆ ಬಳಿದು, ಒಂದರ ಮೇಲೊಂದು ಒತ್ತಿ, ಊದಿ ಒಣಗಿಸಿದ. ನೇಕಾರನಲ್ಲದ ಯಾವ ಮೂರ್ಖನಿಗೂ ಈ ಉಪಾಯ ಹೊಳೆಯುತ್ತಿರಲಿಲ್ಲ. ಮೆಷಿನ್ನು ಮತ್ತೆ ತಿರುಗಿತು. ಗಂಜಿ ಹಚ್ಚಿದ ಜಾಗ ಬೆಂಕಿಯ ಮುಂದೆ ಬಂದದ್ದೇ ಮೆತ್ತಗಾಗಿ, ಅಂಟಿಕೊಂಡು, ಅಲ್ಲೇ ನಿಂತಿತು. ಪರದೆಯ ಮೇಲೆ ದೇವರು ಬಾಯಿ ತೆರೆದವನು ಮುಚ್ಚಲಿಲ್ಲ. ಅವನ ಬಾಯಿಯ ನಡುವೆ ಒಂದು ಕಂದು ಗುಳ್ಳೆ ಎದ್ದಿತು, ಹರಡಿತು, ಕಿರೀಟದವರೆಗೆ ತಿಂದುಬಿಟ್ಟಿತು. ಅಜ್ಜಿಯರು ಕಿರುಚಿದರು. ಒಬ್ಬಳು ಎದ್ದು ನಿಂತು ಕೆನ್ನೆ ಕೆನ್ನೆ ಬಡಿದುಕೊಂಡಳು. ಹಿಂದಿನಿಂದ ಯಾರೋ ಕಿಸಕ್ಕನೆ ನಕ್ಕರು, ಆಮೇಲೆ ಇಡೀ ಬೀದಿ ನಕ್ಕಿತು. ಗಂಜಿ ಸುಟ್ಟ ವಾಸನೆ, ಪ್ಲಾಸ್ಟಿಕ್ಕಿನ ಹೊಗೆ. ನನಗೆ ಅಪ್ಪನ ಮೇಲೆ ಕನಿಕರ ಹುಟ್ಟಬೇಕಿತ್ತು, ಹುಟ್ಟಲಿಲ್ಲ. ನಾನು ಅವ್ವನ ಕಡೆ ನೋಡಿದೆ. ಅವಳು ನಗಲಿಲ್ಲ, ಬೈಯಲಿಲ್ಲ. ಜನ ಚಾಪೆ ಸುತ್ತಿಕೊಂಡು ಹೋದ ಮೇಲೆ ಪರದೆಯನ್ನು ಬಿಚ್ಚಿ, ಮಡಿಸಿ, ಒಳಗಿಟ್ಟಳು. ಮುಂದಿನ ತಿಂಗಳು ಅದು ನನಗೆ ಎರಡು ಒಳಲಂಗ, ಶಿವುಗೆ ಒಂದು ಚಡ್ಡಿ ಆಯಿತು.

ಅಲ್ಲಿಗೆ ತಿಯೇಟ್ರು ಮುಗಿಯಿತು, ಮೆಷಿನ್ನು ಮಾತ್ರ ಮುಗಿಯಲಿಲ್ಲ. ಅಪ್ಪ ಸಾಯುವವರೆಗೂ ಶುಕ್ರವಾರ ಶುಕ್ರವಾರ ಅದಕ್ಕೆ ಎಣ್ಣೆ ಹಚ್ಚಿ ಒರೆಸಿ ಕುಂಕುಮ ಇಟ್ಟ. ನೆಂಟರು ಬಂದರೆ ಮೋಟಾರು ಹಾಕಿ ಬರೀ ಖಾಲಿ ಡಬ್ಬಿಯನ್ನು ತಿರುಗಿಸಿ ತೋರಿಸಿದ. ಅದು ಕಟಕಟ ಎನ್ನುತ್ತಿದ್ದಾಗ ಪಕ್ಕದಲ್ಲಿ ಅವ್ವ ತುದಿಬೆರಳಲ್ಲಿ ಹಲಗೆ ತುಳಿಯುತ್ತಿದ್ದಳು. ನೆಂಟರು ಮೆಷಿನ್ನನ್ನು ಹೊಗಳಿ, ಅವ್ವ ನೇಯ್ದ ಕಾಸಿನಲ್ಲಿ ಮಾಡಿದ ಅನ್ನ ಉಂಡು, ಅಪ್ಪನಿಗೆ ಕೈಮುಗಿದು ಹೋಗುತ್ತಿದ್ದರು. ಒಮ್ಮೆ ಊಟಕ್ಕೆ ಕೂತಾಗ ನಾನು, ಆ ಮೆಷಿನ್ನು ಕಿತ್ತು ಹಾಕು, ಅವ್ವನಿಗೆ ಅವಳ ಗುಂಡಿ ಕೊಡು ಎಂದೆ. ಅಪ್ಪ ತಟ್ಟೆಯಿಂದ ತಲೆ ಎತ್ತಲಿಲ್ಲ.

"ಒಟ್ಟೆಕಿಚ್ಚು ನಿಮ್ಗೆ. ಅಮ್ಮಂಗೂ ಮಗ್ಳಿಗೂ."

ಇಷ್ಟು ವರ್ಷ ಬದುಕಿ ನಾನು ಏನಾದೆ ಎಂದು ಕೇಳಿದರೆ ಆ ಕೋಣೆಯಲ್ಲಿ ಏನಾದೆನೋ ಅದೇ ಆಗಿದ್ದೇನೆ. ವೇದಿಕೆ ಹತ್ತಿದವರನ್ನು, ಊರಿಗೆ ಬೆಳಕು ತರುತ್ತೇನೆ ಎನ್ನುವವರನ್ನು ಕಂಡರೆ ನನಗೆ ಆಗುವುದಿಲ್ಲ. ಯಾರಾದರೂ "ನೋಡ್ತಾ ಇರಿ" ಎಂದರೆ ನನ್ನ ಕಣ್ಣು ಅವರು ತೋರಿಸಿದ ಕಡೆ ಹೋಗುವುದಿಲ್ಲ, ಅವರ ಕಾಲಿನ ಕೆಳಗೆ ಹೋಗುತ್ತದೆ. ಯಾರ ಗುಂಡಿ ಮುಚ್ಚಿ ನಿಂತಿದ್ದಾರೆ ಎಂದು ಮೊದಲು ನೋಡುತ್ತೇನೆ. ಇದರಿಂದ ನನಗೆ ಸ್ನೇಹಿತರು ಕಡಿಮೆ, ಮೋಸ ಹೋದದ್ದೂ ಕಡಿಮೆ.

ಶಿವು ಫೋನು ಮಾಡಿದ ವಾರ ನಾನು ಸೇಲಂಗೆ ಹೋದೆ. ಮನೆಯ ಮುಂದೆ ಟೈಲ್ಸಿನ ಪೆಟ್ಟಿಗೆಗಳನ್ನು ಜೋಡಿಸಿದ್ದರು. ಅವ್ವ ನೇಯುವುದು ನಿಂತು ಹೋಗಿ ಎಷ್ಟೋ ಕಾಲವಾಯಿತು. ಅವಳ ಮಗ್ಗವೂ ಇಲ್ಲ, ಅಪ್ಪನ ಗುಂಡಿಯನ್ನೂ ಅವನು ಸತ್ತ ಮೇಲೆ ಮುಚ್ಚಿದ್ದಾರೆ. ಮುಂದಿನ ಕೋಣೆಯನ್ನು ಮೊಬೈಲ್ ಅಂಗಡಿಗೆ ಬಾಡಿಗೆ ಕೊಡುವುದು ಶಿವುವಿನ ಆಸೆ. ಅವನ ಉಪಾಯ ಸರಳವಾಗಿತ್ತು. ಮೆಷಿನ್ನಿನ ಕಬ್ಬಿಣದ ಕಾಲನ್ನು ನೆಲದ ಮಟ್ಟಕ್ಕೆ ಕಟಿಂಗ್ ಮೆಷಿನ್ನಿನಲ್ಲಿ ಕತ್ತರಿಸುವುದು, ಮೇಲೆ ಟೈಲ್ಸು ಹಾಕುವುದು. ಅವ್ವನ ಹಟ ಅದಕ್ಕೆ ಅಡ್ಡ ಬಂದಿತ್ತು.

"ನೀನೇ ಯೋಳಕ್ಕಾ. ನೆಲ ಎಲ್ಲಾ ಒಡೀಬೇಕಂತೆ. ಗುಂಡಿ ತಕ್ಕೊಂಡು ಈ ವಯಸ್ನಾಗೆ ಏನ್ ಮಾಡ್ತಾಳೆ?"

"ನೀ ಮೊಬೈಲ್ ಅಂಗ್ಡಿ ಮಡಗ್ಕೊಂಡು ಏನ್ ಮಾಡ್ತೀಯೋ ಅದೇ," ಎಂದೆ. ಅವನು ಅಪ್ಪನ ಮಗ, ಕಾಲರು ಸರಿಮಾಡಿಕೊಂಡ.

ಮರುದಿನ ಬೆಳಿಗ್ಗೆ ಹೋಟೆಲಿನವನು ಬಂದ. ಕಪ್ಪು ಕನ್ನಡಕ, ಗಮಗಮ ಎನ್ನುವ ಗಡ್ಡ, ಕೈಯಲ್ಲಿ ಎರಡು ಫೋನು. ತನ್ನ ಹೋಟೆಲಿನಲ್ಲಿ ಆಗಲೇ ಗಾಡಿಯ ಚಕ್ರ, ಬೀಸುಕಲ್ಲು, ಹಿತ್ತಾಳೆ ಅಂಡೆ, ಯಾರದೋ ಮನೆಯ ತೊಟ್ಟಿಲು ಎಲ್ಲ ಗೋಡೆಗೆ ಹೊಡೆಸಿದ್ದಾನಂತೆ. ತಿನ್ನುವವರು ಅವುಗಳ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರಂತೆ. ಇನ್ನೊಬ್ಬರ ಮನೆಯ ಮುರುಕಲನ್ನು ತಂದು ತನ್ನ ಮನೆತನವೆಂದು ತೋರಿಸುವ ಇಂಥವರು ಹೈವೇ ಉದ್ದಕ್ಕೂ ಸಿಗುತ್ತಾರೆ. ಆದರೆ ಮೆಷಿನ್ನು ಓಡಬೇಕು, ಬೆಳಕು ಬರಬೇಕು ಎನ್ನುವುದು ಅವನ ಷರತ್ತು.

"ವರ್ಕಿಂಗ್ ಕಂಡಿಷನ್ ಇರುಂದಾ ದಾನ್ ಮ್ಯಾಡಂ ವ್ಯಾಲ್ಯೂ."

ಕಾರ್ಬನ್ ಕಡ್ಡಿ ಈಗ ಎಲ್ಲಿ ಸಿಗುತ್ತದೆ? ಶಿವು ಹಿಂದಿನ ದಿನವೇ ಎಲೆಕ್ಟ್ರಿಷಿಯನ್ನನ್ನು ಕರೆಸಿ ಗೂಡಿನೊಳಗೆ ಒಂದು ಎಲ್ಇಡಿ ಬಲ್ಬು ಕೂರಿಸಿದ್ದ. ಹಳೆಯ ಮೋಟಾರಿಗೆ ಹೊಲಿಗೆ ಮೆಷಿನ್ನಿನ ಬೆಲ್ಟು ಹಾಕಿಸಿದ್ದ. ಬಾಗಿಲು ಕಿಟಕಿ ಮುಚ್ಚಿ, ಟೀವಿಯ ವೈರು ತೆಗೆದು ಇದಕ್ಕೆ ಸಿಕ್ಕಿಸಿದ. ಬೀದಿಯಲ್ಲಿ ಯಾವ ಕಂಬವೂ ಡಬ್ ಎನ್ನಲಿಲ್ಲ. ಡಬ್ಬಿ ಕಟಕಟ ತಿರುಗಿತು, ಒಳಗೆ ಫಿಲ್ಮಿಲ್ಲ. ಮುಚ್ಚಿದ ಬಾಗಿಲ ಮೇಲೆ ಬಿಳಿಯ ಒಂದು ಚೌಕ ಬಿತ್ತು, ಅದರ ನಡುವೆ ಬಣ್ಣ ಉದುರಿದ ಜಾಗ ಚೆನ್ನಾಗಿ ಕಂಡಿತು.

"ಸೂಪರ್! ಸೂಪರ್!" ಎಂದು ಹೋಟೆಲಿನವನು ಚಪ್ಪಾಳೆ ತಟ್ಟಿ ಎರಡೂ ಫೋನಿನಲ್ಲಿ ವಿಡಿಯೋ ಹಿಡಿದುಕೊಂಡ.

ಅವ್ವ ಗೋಡೆ ಹಿಡಿದುಕೊಂಡು ಬಂದು ನಿಂತಿದ್ದಳು. ಆ ಚೌಕವನ್ನು ಬಹಳ ಹೊತ್ತು ನೋಡಿದಳು. ಅಪ್ಪನನ್ನು ಇಡೀ ಜೀವಮಾನದಲ್ಲಿ ಒಂದು ಮಾತು ಬೈಯದವಳು ಅವನ ಮೆಷಿನ್ನಿನ ಕಡೆ ತಿರುಗಿ ಕೇಳಿದಳು:

"ಇಷ್ಟೇನಾ? ಇದ್ಕಾ ಮುಚ್ಚಿದ್ದು?"

ಶಿವು ಕೇಳಿಸದವನಂತೆ ಕಟಿಂಗ್ ಮೆಷಿನ್ನಿನವನಿಗೆ ಕೈಸನ್ನೆ ಮಾಡಿದ. ಅವನು ಬಂದು ಕಬ್ಬಿಣದ ಕಾಲಿನ ಬುಡಕ್ಕೆ ಸೀಮೆಸುಣ್ಣದ ಗೆರೆ ಎಳೆದ. ಅವ್ವ ನನ್ನ ಮುಖ ನೋಡಿದಳು. ಇವನು ಆ ಗೆರೆಯ ಮೇಲೆ ಕತ್ತರಿಸಿದರೆ ಟೈಲ್ಸು ಬೀಳುತ್ತದೆ, ಟೈಲ್ಸು ಬಿದ್ದರೆ ಅವ್ವನ ಗುಂಡಿ ಇನ್ನು ತೆರೆಯುವುದಿಲ್ಲ. ತಮ್ಮನ ಜೊತೆ ನ್ಯಾಯ ಮಾತಾಡಿ ಪ್ರಯೋಜನವಿರಲಿಲ್ಲ. ನಾನು ಹೋಟೆಲಿನವನ ಹತ್ತಿರ ಹೋಗಿ ತಮಿಳಿನಲ್ಲಿ ಕೇಳಿದೆ.

"ಏನ್ ಸಾರ್, ಕಾಲು ಕತ್ತರಿಸಿದ ಮೆಷಿನ್ನು ತಗೊಂಡು ಹೋಗ್ತೀರಾ? ಒರಿಜಿನಲ್ ಅಲ್ಲ ಅಂತ ನಾಳೆ ಯಾರಾದ್ರೂ ನಗಲ್ವಾ?"

ಅವನ ಕನ್ನಡಕ ಮೂಗಿನ ತುದಿಗೆ ಇಳಿಯಿತು. ಒರಿಜಿನಲ್ ಎನ್ನುವ ಮಾತಿಗೆ ಇಂಥವರು ಜೀವ ಬಿಡುತ್ತಾರೆ.

"ನೋ ನೋ! ಬ್ರದರ್, ಕಟ್ ಪಣ್ಣಾದೀಂಗ! ಫುಲ್ಲಾ ವೇಣುಂ, ಬೇಸ್‌ಓಡ!"

ಬುಡಸಮೇತ ಬೇಕಂತೆ. ಇಲ್ಲದಿದ್ದರೆ ವ್ಯಾಪಾರವೇ ಇಲ್ಲವಂತೆ. ಒಬ್ಬ ಮೂರ್ಖ ಮುಚ್ಚಿದ್ದನ್ನು ತೆರೆಸಲು ಇನ್ನೊಬ್ಬ ಮೂರ್ಖ ಬೇಕಾಯಿತು. ಶಿವು ನನ್ನನ್ನು ತಿನ್ನುವಂತೆ ನೋಡಿದ, ಆದರೆ ಹಾರೆಯವರನ್ನು ಕರೆಸಿದ. ಸಿಮೆಂಟು ಗಟ್ಟಿಯಾಗಿತ್ತು, ಅಪ್ಪ ಮಾಡಿಸಿದ ಕೆಲಸಗಳಲ್ಲಿ ಅದೊಂದೇ ಗಟ್ಟಿ. ಮಧ್ಯಾಹ್ನದ ಹೊತ್ತಿಗೆ ಮೆಷಿನ್ನು ಬುಡದ ಸಿಮೆಂಟಿನ ಮುದ್ದೆಯನ್ನು ಕಚ್ಚಿಕೊಂಡೇ ಮೇಲೆ ಬಂತು. ಅದನ್ನು ಹಗ್ಗ ಕಟ್ಟಿ ಎಳೆದು ಲಾರಿಗೆ ಏರಿಸಿದರು. ಹೋಟೆಲಿನವನು ಅದರ ಪಕ್ಕ ನಿಂತು ಕೊನೆಗೊಂದು ಫೋಟೋ ತೆಗೆಸಿಕೊಂಡು ಹೊರಟ. ಬೀದಿಯಲ್ಲಿ ಹುಡುಗರು ಯಾರೂ ತಲೆ ಎತ್ತಿ ನೋಡಲಿಲ್ಲ.

ಅವ್ವ ಒಳಗೇ ಇದ್ದಳು. ಹಾರೆಯವರಿಂದ ಇಟ್ಟಿಗೆ ಚೂರನ್ನೂ ಮರಳನ್ನೂ ಬುಟ್ಟಿ ಬುಟ್ಟಿ ಹೊರಗೆ ಹಾಕಿಸಿದಳು. ತಾತ ತೋಡಿದ ನಾಲ್ಕು ಮೂಲೆಯೂ ಕಂಡಿತು. ತಳದಲ್ಲಿ ತುಳಿಯುವ ಹಲಗೆಗಳು ಹಾಗೇ ಇದ್ದವು, ಒಂದು ಗೆದ್ದಲು ತಿಂದಿತ್ತು, ಇನ್ನೊಂದು ನೆಟ್ಟಗಿತ್ತು. ಅವ್ವ ಸೀರೆಯ ನೆರಿಗೆ ಎತ್ತಿಕೊಂಡು, ನನ್ನ ಭುಜ ಹಿಡಿದು, ಅಂಚಿನಲ್ಲಿ ಕೂತಳು. ಕಾಲು ಇಳಿಬಿಟ್ಟಳು. ಎರಡೂ ಪಾದ ಪೂರ್ತಿ ಕೆಳಗೆ ಕೂತವು. ಅವಳ ವಾಲಿದ ಸೊಂಟ ನೆಟ್ಟಗಾದದ್ದನ್ನು ನಾನು ಕಣ್ಣಾರೆ ನೋಡಿದೆ. ನನಗೆ ಅಳು ಬಂತು, ಅಳುವುದೆಂದರೆ ನನಗೆ ತಾತ್ಸಾರ, ಆದರೂ ಅತ್ತೆ. ಆಮೇಲೆ ಚಪ್ಪಲಿ ಬಿಟ್ಟು ಅವಳ ಪಕ್ಕದಲ್ಲಿ ಕೂತು ನಾನೂ ಕಾಲು ಇಳಿಬಿಟ್ಟೆ. ಒಳಗೆ ತಣ್ಣಗಿತ್ತು.

ಶಿವು ಗಾರೆಯವನನ್ನು ಹಿಂದಿಟ್ಟುಕೊಂಡು ಬಾಗಿಲಲ್ಲಿ ನಿಂತಿದ್ದ. ಟೈಲ್ಸಿನ ಪೆಟ್ಟಿಗೆ ನೋಡಿದ, ಗಡಿಯಾರ ನೋಡಿದ.

"ಅವ್ವಾ, ನೋಡಾತಲ್ಲ, ಆಸೆ ತೀರ್ತಲ್ಲ. ಸಿಮೆಂಟು ಕಲಸಿ ಮಡಗವ್ನೆ. ಮುಚ್ಸಿಬಿಡ್ಲಾ?"

ಅವ್ವ ಅವನ ಕಡೆ ತಿರುಗಲಿಲ್ಲ. ಗುಂಡಿಯೊಳಗೆ ಹಲಗೆಯ ಮೇಲೆ ಪಾದ ಇಟ್ಟು ಮೆಲ್ಲಗೆ ಒತ್ತಿ ನೋಡಿದಳು.

"ಯಾಕ್ಲಾ ಅವಸ್ರ?" ಎಂದಳು. "ನಾ ಇನ್ನೂ ಎದ್ದಿಲ್ಲ."